ಹೊರಗೆ ಹೋಗದ ಸೈಕಲ್ಲುಗಳ ಕೋಣೆ

ನಾನು ಏನು ಕೆಲಸ ಮಾಡುತ್ತೇನೆ ಎಂದು ಮೈಸೂರಿನ ನನ್ನ ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ಸೈಕಲ್ ಸ್ಟ್ಯಾಂಡ್ ನೋಡ್ಕೋತೀನಿ ಚಿಕ್ಕಮ್ಮ" ಅನ್ನುತ್ತೇನೆ. "ಅಯ್ಯೋ, ಅಷ್ಟೆಲ್ಲ ಓದ್ಸಿದ್ದು ಇದಕ್ಕಾ?" ಎಂದು ಅವರು ಪ್ರತಿ ಸಲವೂ ನಗುತ್ತಾರೆ. ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನೆದರ್ಲೆಂಡ್ಸಿನ ದೊಡ್ಡ ರೈಲು ನಿಲ್ದಾಣಗಳ ಅಡಿಯಲ್ಲಿ ಸೈಕಲ್ಲುಗಳಿಗೆಂದೇ ನೆಲಮಾಳಿಗೆಗಳಿವೆ. ಜನ ತಮ್ಮ ಸೈಕಲ್ಲಿಗೆ ಒಂದು ಚಿಪ್ ಅಂಟಿಸಿಕೊಂಡಿರುತ್ತಾರೆ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಯಂತ್ರ ಅದನ್ನು ಓದಿಕೊಳ್ಳುತ್ತದೆ. ಮೊದಲ ದಿನ ಪುಕ್ಕಟೆ. ಅಂಥ ಹಲವು ಊರುಗಳ ಹಲವು ಸ್ಟ್ಯಾಂಡುಗಳ ದಾಖಲೆ ಇಟ್ಟುಕೊಡುವ ಒಂದು ಕಂಪನಿಯ ಡೇಟಾಬೇಸ್ ನೋಡಿಕೊಳ್ಳುವವಳು ನಾನು. ಆಫೀಸು ಆಮ್‌ಸ್ಟರ್‌ಡ್ಯಾಮಿನ ಜೈಡಾಸಿನಲ್ಲಿ, ಮನೆ ಪಕ್ಕದ ಊರು ಡೀಮೆನ್ನಿನಲ್ಲಿ. ಗಂಡ ಮಕ್ಕಳು ಇಲ್ಲ. ಯಾಕಿಲ್ಲ ಎಂದು ಕೇಳುವವರಿಗೆ ನಾನು ಒಳ್ಳೆಯ ಉತ್ತರ ಕೊಡುವುದಿಲ್ಲ.

ಒಂದು ಸೈಕಲ್ಲು ಒಮ್ಮೆ ಬಂದು ಹೋದರೆ ಡೇಟಾಬೇಸಿನ ನನ್ನ ಟೇಬಲ್ಲಿನಲ್ಲಿ, ಅಂದರೆ ಪಟ್ಟಿಯಲ್ಲಿ, ಒಂದು ಸಾಲು. ಯಾವ ಸ್ಟ್ಯಾಂಡು, ಯಾವಾಗ ಬಂತು, ಯಾವಾಗ ಹೋಯಿತು, ಚಿಪ್ಪಿನ ನಂಬರೇನು. ಇಷ್ಟೇ. ಆದರೆ ಈ ದೇಶದಲ್ಲಿ ತಲೆಗಿಂತ ಸೈಕಲ್ಲು ಹೆಚ್ಚು. ನಾನು ಕೆಲಸಕ್ಕೆ ಸೇರಿದಾಗ ಆ ಟೇಬಲ್ಲು ಎಷ್ಟು ಊದಿಕೊಂಡಿತ್ತೆಂದರೆ, ಒಂದು ತಿಂಗಳ ಬಿಲ್ಲಿಗೆ ಪ್ರಶ್ನೆ ಹಾಕಿ ಊಟಕ್ಕೆ ಹೋಗಿ ಬಂದರೂ ಉತ್ತರ ಬಂದಿರುತ್ತಿರಲಿಲ್ಲ. ನಾನು ಅದನ್ನು ಒಡೆದು ಪಾರ್ಟಿಷನ್ ಮಾಡಿದೆ. ಒಂದು ದೊಡ್ಡ ಹಜಾರವನ್ನು ಕೋಣೆ ಕೋಣೆ ಮಾಡಿದ ಹಾಗೆ. ಸೈಕಲ್ಲು ಹೊರಗೆ ಹೋದ ತಿಂಗಳು ಯಾವುದೋ ಆ ತಿಂಗಳ ಕೋಣೆಗೆ ಅದರ ಸಾಲು. ಬಿಲ್ ಮಾಡುವವರು ಒಂದು ಕೋಣೆಯ ಬಾಗಿಲು ತೆರೆದರೆ ಸಾಕು, ಉಳಿದವನ್ನು ಮುಟ್ಟಬೇಕಾಗಿಲ್ಲ.

ಇನ್ನೂ ಹೊರಗೆ ಹೋಗದ ಸೈಕಲ್ಲಿಗೆ ಹೊರಟ ತಿಂಗಳೇ ಇರುವುದಿಲ್ಲವಲ್ಲ. ಅಂಥವಕ್ಕೆಲ್ಲ ಬೇರೆ ಒಂದು ಕೋಣೆ. ಅದಕ್ಕೆ ಡಿಫಾಲ್ಟ್ ಪಾರ್ಟಿಷನ್ ಎಂದು ಹೆಸರು, ನಾನು ಮಾತ್ರ ‘ಇತರೆ’ ಎಂದೇ ಕರೆಯುತ್ತಿದ್ದೆ. ಸೈಕಲ್ಲು ಹೊರಟ ಕ್ಷಣ ಅದರ ಸಾಲು ಇತರೆಯಿಂದ ಎದ್ದು ತನ್ನ ತಿಂಗಳ ಕೋಣೆಗೆ ಹೋಗಿ ಕೂರುತ್ತದೆ. ಸಂಜೆ ಜನ ರೈಲಿಳಿದು ಮುಗಿಬೀಳುವಾಗ ಯಂತ್ರ ಆ ಸಾಲನ್ನು ತಕ್ಷಣ ಹುಡುಕಬೇಕಲ್ಲ, ಅದಕ್ಕೆಂದು ಇತರೆ ಕೋಣೆಗೆ ಮಾತ್ರ ಚಿಪ್ ನಂಬರಿನ ಇಂಡೆಕ್ಸ್ ಹಾಕಿದ್ದೆ. ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಕೊಟ್ಟಿರುತ್ತಾರಲ್ಲ, ಹಾಗೆ. ನಂಬರು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಸಿಗುತ್ತಿತ್ತು. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಒಂದು ವಿಷಯ ಮಾತ್ರ ಇಲ್ಲೇ ಹೇಳಬೇಕು. ಕೋಣೆ ಕಟ್ಟುವ, ಕೆಡವುವ, ಇಂಡೆಕ್ಸ್ ಹಾಕುವ ಅಧಿಕಾರ ನನಗಿತ್ತು. ಒಳಗಿನ ಸಾಲುಗಳನ್ನು ಓದುವ ಅಧಿಕಾರ ಇರಲಿಲ್ಲ. ಯಾರು ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಸೈಕಲ್ಲು ನಿಲ್ಲಿಸಿದರು ಎನ್ನುವುದು ಅವರ ಖಾಸಗಿ ಸಂಗತಿ. ನನ್ನ ಪರದೆಯ ಮೇಲೆ ನಂಬರುಗಳ ಜಾಗದಲ್ಲಿ ಬರೀ ನಕ್ಷತ್ರದ ಗುರುತು ಕಾಣುತ್ತಿತ್ತು. ಗಾರೆ ಮೇಸ್ತ್ರಿ ಮನೆ ಕಟ್ಟಿಕೊಟ್ಟ ಮೇಲೆ ಒಳಗೆ ಇಣುಕುವ ಹಾಗಿಲ್ಲ, ಅಷ್ಟೇ. ನನಗೆ ಅದು ಸರಿಯಾಗಿಯೇ ಕಂಡಿತ್ತು.

ನನ್ನ ಕೆಳಗಿನ ಮಹಡಿಯಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಳು. ಹುಡುಗಿ ಅನ್ನುತ್ತೇನೆ, ಮದುವೆಯಾಗಿ ಐದು ವರ್ಷವಾಗಿತ್ತು. ಗಂಡ ಜೈಡಾಸಿನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಇಬ್ಬರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಅವಳು ರೊಟ್ಟಿ ಬಡಿದರೆ ನನ್ನ ನೆಲ ಅದುರುತ್ತಿತ್ತು. ನಾನು ಮೊದಮೊದಲು ಬೈಯಲು ಇಳಿದು ಹೋಗಿ, ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಮೇಲೆ ಬಂದವಳು. ಅಲ್ಲಿಂದ ನಮ್ಮ ಸ್ನೇಹ. ಆಯುಧಪೂಜೆಯ ದಿನ ಅವರ ಸೈಕಲ್ಲಿಗೆ ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ ಪಕ್ಕದ ಮನೆಯ ಡಚ್ ಮುದುಕ "ಇದೇನು, ಜ್ಯೂಸ್ ಮಾಡ್ತೀರಾ?" ಎಂದು ಕೇಳಿದ್ದ. ಅವಳ ಗಂಡ ನಗು ತಡೆಯಲಾಗದೆ ಬಾಗಿಲು ಹಿಡಿದುಕೊಂಡು ನಿಂತಿದ್ದ.

ಅವನು ಚಳಿಗಾಲದ ಕೊನೆಯಲ್ಲಿ ಹೋಗಿಬಿಟ್ಟ. ಆಫೀಸಿನಲ್ಲಿ ಮೀಟಿಂಗಿನ ನಡುವೆ ಕುರ್ಚಿಯಿಂದ ಜಾರಿದನಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಹಾರ್ಟ್ ಅಂದರು. ಇನ್ನೂ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ನಾವು ನಾಲ್ಕಾರು ಜನ ಕನ್ನಡದವರು ಸೇರಿ ದೇಹವನ್ನು ಹುಬ್ಬಳ್ಳಿಗೆ ಕಳಿಸಿದೆವು, ಅವಳೂ ಹೋದಳು. ಕರ್ಮವೆಲ್ಲ ಮುಗಿಸಿ ಒಂದೂವರೆ ತಿಂಗಳ ಮೇಲೆ ಒಬ್ಬಳೇ ವಾಪಸು ಬಂದಳು. ಇರಲಿಕ್ಕಲ್ಲ, ಮನೆ ಖಾಲಿ ಮಾಡಲು. ಅವಳ ಪರ್ಮಿಟ್ಟು ಗಂಡನ ಪರ್ಮಿಟ್ಟಿಗೆ ಜೋಡಿಸಿದ್ದಾಗಿತ್ತು, ಅವನಿಲ್ಲವೆಂದರೆ ಇವಳಿಗೂ ಇಲ್ಲಿ ಜಾಗವಿಲ್ಲ.

ಬಂದ ಎರಡು ದಿನಕ್ಕೆ, ಒಂದು ಮಂಗಳವಾರದ ಸಂಜೆ, ಅವಳು ನನ್ನ ಮನೆಗೆ ಬಂದು ಊಟದ ಮೇಜಿನ ಮೇಲೆ ಒಂದು ಸಣ್ಣ ನೀಲಿ ಕಾರ್ಡು ಇಟ್ಟಳು. ನಮ್ಮ ಕಂಪನಿಯದು. ಸೈಕಲ್ಲಿನ ಚಿಪ್ಪಿನ ಜೊತೆಗೆ ಕೊಡುವ, ಅದೇ ನಂಬರಿರುವ ಕಾರ್ಡು.

"ಅವರ ಪಾಕೀಟಿನ್ಯಾಗ ಇತ್ತಕ್ಕಾ. ಸೈಕಲ್ ಎಲ್ಲೈತಿ ಅಂತ ನಿಮ್ಮ ಕಂಪ್ಯೂಟರಿನ್ಯಾಗ ನೋಡಾಕ ಬರತೈತೇನ?"

"ಸೈಕಲ್ ತಗೊಂಡು ಏನ್ ಮಾಡ್ತೀಯೇ? ಧಾರವಾಡಕ್ಕೆ ಹೊತ್ಕೊಂಡು ಹೋಗ್ತೀಯಾ?"

"ಸೈಕಲ್ ಬ್ಯಾಡ್ರಿ ನನಗ. ಎಲ್ಲಿ ಇಟ್ಟಿದ್ರು ಅನ್ನೋದು ಬೇಕು."

ಆಮೇಲೆ ಅವಳು ಹೇಳಿದ್ದನ್ನು ನಾನು ಅವತ್ತು ಪೂರ್ತಿ ಕೇಳಿಸಿಕೊಂಡೆ. ನಡುವೆ ಬಾಯಿ ಹಾಕದೆ ಕೇಳುವುದು ನನ್ನ ಜಾಯಮಾನವಲ್ಲ.

ಆ ದಿನ ಅವನು ಎಂದಿಗಿಂತ ಮುಂಚೆ ಹೊರಟನಂತೆ. ದಿನವೂ ಮೆಟ್ರೋದಲ್ಲಿ ಹೋಗುವವನು ಸೈಕಲ್ಲು ತೆಗೆದನಂತೆ. ಹೊಸ್ತಿಲು ದಾಟಿದ ಮೇಲೆ ಇವಳ ಬಾಯಿಂದ ಬಂತು: "ಎಲ್ಲಿಗೆ ಹೊಂಟ್ರಿ?"

ನಮ್ಮಲ್ಲಿ ಹೊರಟವರನ್ನು ಹಾಗೆ ಕೇಳುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲೂ ಅಷ್ಟೇ, ಬಾಗಿಲಲ್ಲಿ ನಿಂತವರನ್ನು ಎಲ್ಲಿಗೆ ಅಂದರೆ ಅಜ್ಜಿ ತೊಡೆ ಚಿವುಟುತ್ತಿದ್ದಳು. ತಿಳಿಯಲೇಬೇಕಾದರೆ "ದೂರ ಹೊರಟ್ರಾ?" ಎನ್ನಬೇಕು. ಹೋಗುವ ಕೆಲಸ ಕೆಡುತ್ತದೆ, ಹೋದವರಿಗೆ ಕೇಡು ಎಂದು ನಂಬಿಕೆ. ಅವನು ವಾಪಸು ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕುಳಿತನಂತೆ. ಯಾರಾದರೂ ತಡೆದರೆ ಕುಳಿತು ನೀರು ಕುಡಿದು ಹೋಗಬೇಕಲ್ಲ. ನೀರು ಕುಡಿದು ಎದ್ದು, "ಸಂಜಿಗಿ ಹೇಳ್ತೀನಿ" ಎಂದು ನಕ್ಕು ಹೋದನಂತೆ.

ಹೋದವನು ಆಫೀಸು ಸೇರಿದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ, ಅದೂ ಮೆಟ್ರೋದಲ್ಲಿ ಬಂದನೆಂದು ಜೊತೆಯವರು ಹೇಳಿದರಂತೆ. ಸೈಕಲ್ಲು ಆಫೀಸಿನ ಹತ್ತಿರ ಇರಲಿಲ್ಲ. ಅವನ ಫೋನಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಅವತ್ತು ಯಾವ ಡಾಕ್ಟರ ಹತ್ತಿರವೂ ಅಪಾಯಿಂಟ್‌ಮೆಂಟ್ ಇದ್ದ ಸುಳಿವಿಲ್ಲ.

"ನಮ್ಮ ಅತ್ತಿ ಹದಿಮೂರು ದಿನಾನೂ ಬಂದೋರ ಮುಂದ ಒಂದಽ ಮಾತು. ಹೊಂಟ ಮನಷ್ಯಾನ್ನ ಎಲ್ಲಿಗಿ ಅಂತ ಕೇಳಿದಳು, ನುಂಗಿದಳು ಅಂತ. ಎದಿ ಉರೀತೈತಿ ಅಂತ ವಾರದಿಂದ ಅಂತಿದ್ರು ಅವ್ರು. ಆಸ್ಪತ್ರಿಗಿ ಹೋಗಿದ್ರು ಅಂದ್ರ ಮೊದಲಽ ಜಡ್ಡು ಇತ್ತು ಅಂತ ಆತು. ನನ್ನ ಮಾತಿಂದ ಅಲ್ಲ ಅಂತ ಆತು. ಹೌದಲ್ರೀ?"

ನನಗೆ ಸಿಟ್ಟು ನೆತ್ತಿಗೇರಿತು. "ನೀನು ಎಂ.ಎಸ್ಸಿ. ಓದಿದ್ದೀಯಾ, ಇಲ್ವಾ? ಒಂದ್ ಮಾತು ಕೇಳಿದ್ರೆ ಹಾರ್ಟ್ ನಿಲ್ಲತ್ತಾ? ಹಾಗಿದ್ರೆ ನನ್ನ ಬಾಯಿಗೆ ಅರ್ಧ ಆಮ್‌ಸ್ಟರ್‌ಡ್ಯಾಮ್ ಸತ್ತಿರ್ಬೇಕಿತ್ತು. ನಿಮ್ಮತ್ತೆ ಅಂದ್ರು ಅಂತ ನೀನೂ ನಂಬ್ತೀಯಲ್ಲೇ!"

"ನಂಬಂಗಿಲ್ಲಕ್ಕಾ," ಎಂದಳು ಸಣ್ಣ ದನಿಯಲ್ಲಿ. "ಅದಕ್ಕಽ ಕೇಳಾಕತ್ತೀನಿ."

ಅವಳ ಆ ನೀಲಿ ಕಾರ್ಡಿನ ನಂಬರು, ನನ್ನ ಇತರೆ ಕೋಣೆ, ಅದಕ್ಕೆ ನಾನೇ ಹಾಕಿದ ಇಂಡೆಕ್ಸ್. ಸೈಕಲ್ಲು ಇನ್ನೂ ಹೊರಗೆ ಹೋಗಿಲ್ಲ, ಹಾಗಾಗಿ ಆ ಸಾಲು ಅಲ್ಲೇ ಇರಲೇಬೇಕು. ಉತ್ತರ ಕಣ್ಣು ಮಿಟುಕಿಸುವಷ್ಟು ದೂರದಲ್ಲಿತ್ತು. ಆದರೆ ನನಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು, ಅದನ್ನೂ ಅವಳಿಗೆ ಹೇಳಿದೆ. ಆ ಶನಿವಾರ ನಾವು ಇತರೆ ಕೋಣೆಯನ್ನು ಖಾಲಿ ಮಾಡುವವರಿದ್ದೆವು.

ಕಾರಣವಿತ್ತು. ಎಷ್ಟೋ ಜನ ಯಂತ್ರ ಕೆಟ್ಟಾಗಲೋ ರೈಲಿಳಿದ ಆತುರಕ್ಕೋ ಚಿಪ್ ತೋರಿಸದೆ ಸೈಕಲ್ಲು ಹೊರಗೆ ಒಯ್ಯುತ್ತಾರೆ. ಅವರ ಸಾಲುಗಳು ಇತರೆಯಲ್ಲೇ ಕೊಳೆಯುತ್ತವೆ. ಕೋಣೆ ತುಂಬಿ ಯಂತ್ರಗಳು ತಡವರಿಸುತ್ತಿದ್ದವು. ಅರ್ಧ ಖಾಲಿಯಿರುವ ಸ್ಟ್ಯಾಂಡಿನ ಹೊರಗೂ ‘ಭರ್ತಿ’ ಎಂದು ದೀಪ ಉರಿಯುತ್ತಿತ್ತು. ಒಂದು ತಿಂಗಳಿಗಿಂತ ಹಳೆಯ ಸಾಲುಗಳನ್ನೆಲ್ಲ ತೆಗೆದುಬಿಡುವುದು ಎಂದು ತಂಡದಲ್ಲಿ ತೀರ್ಮಾನವಾಗಿತ್ತು. ಒಂದೊಂದೇ ಸಾಲು ಅಳಿಸುತ್ತ ಕೂತರೆ ದಿನವೆಲ್ಲ ಬೇಕು. ಹೊಸ ಸಾಲುಗಳನ್ನು ಪಕ್ಕದ ಹೊಸ ಕೋಣೆಗೆ ಸಾಗಿಸಿ, ಹಳೆಯ ಕೋಣೆಯನ್ನೇ ಕಳಚಿ ಬಿಸಾಡಿದರೆ ಸೀನುವಷ್ಟರಲ್ಲಿ ಮುಗಿಯುತ್ತದೆ. ಆ ಉಪಾಯ ನನ್ನದು. ನಿಜವಾಗಿಯೂ ಒಳಗೇ ಉಳಿದ ಸೈಕಲ್ಲುಗಳನ್ನು ಸೋಮವಾರ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ.

"ಅಂದ್ರ ಶನಿವಾರದೊಳಗ," ಎಂದಳು ಅವಳು.

"ಹೂಂ. ನೋಡೋಣ. ಕೇಳ್ತೀನಿ," ಎಂದೆ.

ಮರುದಿನ ಬೆಳಗ್ಗೆಯೇ ನಮ್ಮ ಕಂಪನಿಯಲ್ಲಿ ಖಾಸಗಿ ಮಾಹಿತಿಯ ಮೇಲ್ವಿಚಾರಣೆ ಮಾಡುವ ಹೆಂಗಸಿನ ಮುಂದೆ ಕುಳಿತೆ. ಒಳ್ಳೆಯವಳು. ಚಹಾ ಕೊಟ್ಟಳು, ಜೊತೆಗೆ ಒಂದು ಬಿಸ್ಕತ್ತು, ಇಲ್ಲಿನವರು ಎರಡನೆಯದು ಕೊಡುವುದಿಲ್ಲ. ಎಲ್ಲವನ್ನೂ ಕೇಳಿ ಅವಳ ಕಣ್ಣು ಒದ್ದೆಯಾಯಿತು. ಆಮೇಲೆ ಹೇಳಿದಳು: ತನ್ನ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಬದುಕಿರುವವರದು. ಸತ್ತವರು ಆ ಕಾನೂನಿನೊಳಗೆ ಬರುವುದೇ ಇಲ್ಲ. ಅವರ ಪರವಾಗಿ ಹೆಂಡತಿ ಕೇಳಲು ದಾರಿಯಿಲ್ಲ.

"ಸತ್ತವನನ್ನು ಕಾನೂನು ಕಾಪಾಡುವುದಿಲ್ಲ ಅಂದ ಮೇಲೆ ಮುಚ್ಚಿಡುವುದು ಯಾರಿಗಾಗಿ? ತೋರಿಸಬಹುದಲ್ಲ," ಎಂದೆ ನಾನು.

"ಕಾರ್ಡು ಅವರದೇ ಎಂದು ಗೊತ್ತಿದ್ದರೆ ತೋರಿಸಬಹುದಿತ್ತು," ಎಂದಳು. "ಇದು ಹೆಸರಿಲ್ಲದ ಕಾರ್ಡು. ಬದುಕಿರುವ ಯಾರದ್ದಾದರೂ ಆಗಿದ್ದರೆ?"

"ಅವನ ಜೇಬಿನಲ್ಲಿತ್ತು."

"ಜೇಬಿನಲ್ಲಿದ್ದದ್ದೆಲ್ಲ ನಮ್ಮದಾಗಿರುವುದಿಲ್ಲ."

"ಹಾಗಾದರೆ ಅವನದೇ ಎಂದು ತಿಳಿಯುವುದು ಹೇಗೆ?"

"ಸಾಲನ್ನು ನೋಡಿದರೆ ತಿಳಿಯಬಹುದು," ಎಂದಳು ಆಕೆ, ನಿಜವಾದ ಸಂಕಟದಿಂದ. "ಆದರೆ ನೋಡುವ ಹಾಗಿಲ್ಲ."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗೂ ಕೊಡುವ ಮನಸ್ಸಿತ್ತು, ಗರ್ಭಗುಡಿಯ ಬಾಗಿಲಿಗೆ ಹಿಡಿಯೇ ಇರಲಿಲ್ಲ. ಎದ್ದು ಬರುವಾಗ ನನಗೆ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅದೇ ದೊಡ್ಡ ಹಿಂಸೆಯಾಯಿತು. ಬೈಯಲು ಒಬ್ಬರು ಕೆಟ್ಟವರಾದರೂ ಸಿಕ್ಕಿದ್ದರೆ ಸಮಾಧಾನವಿರುತ್ತಿತ್ತು.

ಸರಿ, ಸಾಲು ತೋರಿಸದಿದ್ದರೆ ಬೇಡ, ಕೋಣೆ ಕೆಡವುವುದನ್ನಾದರೂ ಒಂದೆರಡು ವಾರ ಮುಂದೂಡಿ ಎಂದು ತಂಡದ ಮುಖ್ಯಸ್ಥನ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವನಿಗೂ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಲ್ಲಿ ಯಾವುದನ್ನೂ ಒಬ್ಬರೇ ತೀರ್ಮಾನಿಸುವುದಿಲ್ಲ, ‘ಓವರ್‌ಲೆಖ್’ ಎನ್ನುತ್ತಾರೆ, ಎಲ್ಲರೂ ದುಂಡಗೆ ಕುಳಿತು ಮಾತಾಡಬೇಕು. ಗುರುವಾರ ಕುಳಿತೆವು. ಒಬ್ಬೊಬ್ಬರೂ ನನಗಾಗಿ ದುಃಖಪಟ್ಟರು. ಆಮೇಲೆ ಒಬ್ಬೊಬ್ಬರೂ, ಸ್ಟ್ಯಾಂಡುಗಳಿಗೆ ಸೂಚನೆ ಹೋಗಿದೆ, ಲಾರಿ ಗೊತ್ತಾಗಿದೆ, ಯಂತ್ರಗಳು ದಿನಾ ನಿಲ್ಲುತ್ತಿವೆ ಎಂದರು. ಒಂದು ಸಾಲಿಗಾಗಿ ಇಡೀ ಕೆಲಸ ನಿಲ್ಲಿಸುವುದು ಸರಿಯೇ ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಆ ಮಾತನ್ನು ನಾನೇ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದೆ.

ಬ್ಯಾಕಪ್ ಇರುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಇರುತ್ತದೆ, ಕೆಲವು ವಾರ. ಅದನ್ನು ತೆರೆದು ಓದಲೂ ಅದೇ ಒಪ್ಪಿಗೆ ಬೇಕು, ಅದೇ ಹೆಂಗಸು, ಅದೇ ಬಿಸ್ಕತ್ತು.

ಸಭೆ ಮುಗಿದ ಮೇಲೆ ಮುಖ್ಯಸ್ಥ ನನ್ನನ್ನು ಪಕ್ಕಕ್ಕೆ ಕರೆದ. "ನೀನು ಬಚ್ಚಿಡದೆ ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು," ಎಂದ. "ಆದರೆ ನಿನಗೆ ಈ ವಿಷಯ ತೀರಾ ಹತ್ತಿರದ್ದು. ಶನಿವಾರದ ಕೆಲಸ ನೀನು ಮಾಡುವುದು ಬೇಡ. ಸೋಮವಾರದವರೆಗೆ ನಿನ್ನ ಅಕ್ಸೆಸ್ ತೆಗೆದಿರುತ್ತೇವೆ. ನಿನ್ನ ಒಳ್ಳೆಯದಕ್ಕೇ."

ಗಾಯದ ಮೇಲೆ ಬರೆ ಎಂದರೆ ಇದು. ನಿಜ ಹೇಳಿದ್ದಕ್ಕೆ ಬಾಗಿಲು ಮುಚ್ಚಿತು. ಸುಮ್ಮನಿದ್ದಿದ್ದರೆ ಶನಿವಾರ ಆ ಕೋಣೆಯ ಮುಂದೆ ನಾನೇ ಒಬ್ಬಳೇ ನಿಂತಿರುತ್ತಿದ್ದೆ. ನಕ್ಷತ್ರಗಳನ್ನು ಸರಿಸಲು ನನಗೊಂದು ದಾರಿ ತಿಳಿದಿತ್ತು. ಅದನ್ನು ಮಾಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಪ್ರತಿ ಪ್ರಶ್ನೆಯೂ ಕೇಳಿದವರ ಹೆಸರಿನೊಂದಿಗೆ ದಾಖಲಾಗುತ್ತದೆ, ಕೆಲಸ ಹೋಗುತ್ತದೆ, ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ. ಆ ಪರೀಕ್ಷೆಯೂ ನನಗೆ ಬರಲಿಲ್ಲ. ಶೌಚಾಲಯಕ್ಕೆ ಹೋಗಿ ಕನ್ನಡದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಗೋಡೆಗೆ ಬೈದೆ.

ಅಷ್ಟು ದಿನವೂ ಅವಳು ಸುಮ್ಮನೆ ಕೂತಿರಲಿಲ್ಲ. ಬೆಳಗಾದರೆ ಹೊರಟು ಒಂದೊಂದು ನಿಲ್ದಾಣದ ಕೆಳಗಿಳಿದು ಸೈಕಲ್ಲು ಹುಡುಕುತ್ತಿದ್ದಳು. ಒಂದೊಂದು ಸ್ಟ್ಯಾಂಡಿನಲ್ಲೂ ಸಾವಿರಾರು, ಎರಡೆರಡು ಅಂತಸ್ತು, ಮುಕ್ಕಾಲು ಪಾಲು ಕಪ್ಪು. ಹ್ಯಾಂಡಲ್ಲಿನ ಕೆಳಗೆ ಆಯುಧಪೂಜೆಯ ಕುಂಕುಮ ಹತ್ತಿರುತ್ತದೆಂದು ಬಗ್ಗಿ ಬಗ್ಗಿ ನೋಡುತ್ತಿದ್ದಳಂತೆ. ಕಾವಲಿನವನೊಬ್ಬ ಕಳ್ಳಿಯೆಂದುಕೊಂಡು ಹಿಂದೆಯೇ ಸುತ್ತಿದನಂತೆ. ಸಂಜೆ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ, ಅವಳೂ ತಲೆಯಾಡಿಸುತ್ತಿದ್ದಳು. ಅನ್ನ ಸಾರು ಬಡಿಸುತ್ತಿದ್ದೆ. ತಿನ್ನದಿದ್ದರೆ ಬೈಯುತ್ತಿದ್ದೆ. ನನ್ನ ಕೈಲಾದದ್ದು ಅಷ್ಟೇ.

ಗುರುವಾರದ ಸಭೆಯ ಸುದ್ದಿ, ನನ್ನ ಅಕ್ಸೆಸ್ ಕಿತ್ತುಕೊಂಡ ಸುದ್ದಿ ಹೇಳಿದಾಗ ಅವಳು ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ.

"ಪಾಪ, ನಿಮಗ ತ್ರಾಸ ಆತು," ಎಂದಳು.

"ನನ್ ತ್ರಾಸು ಹಾಳಾಗ್ಲಿ ಕಣೇ! ನೀನು ಬೈಯಿ ನನ್ನ!"

"ಯಾಕ ಬೈಲ್ರಿ? ನೀವೇನ ಕೊಂದೀರೇನ?"

ಶನಿವಾರ ಬೆಳಗ್ಗೆ ನಾನೂ ಅವಳ ಜೊತೆ ಹೊರಟೆ. ಒಂದು ಸ್ಟ್ಯಾಂಡಿನಲ್ಲಿ ಅವಳು ಕೆಳಸಾಲು, ನಾನು ಮೇಲುಸಾಲು ನೋಡುತ್ತಿದ್ದಾಗ ನನ್ನ ಫೋನು ಟಿಂಗ್ ಎಂದಿತು. ತಂಡದ ಗುಂಪಿನಲ್ಲಿ ಸಂದೇಶ. ಎಲ್ಲ ಮುಗಿಯಿತು, ಒಂದು ಕ್ಷಣವೂ ಹಿಡಿಯಲಿಲ್ಲ, ಹೊಸ ಕೋಣೆ ಹಗುರವಾಗಿದೆ, ಯಂತ್ರಗಳು ಹಾರುತ್ತಿವೆ. ಕೆಳಗೆ ನನ್ನ ಹೆಸರು ಹಾಕಿ, ಎಂಥ ಚೆಂದದ ಡಿಸೈನ್ ಎಂದು ಬರೆದಿದ್ದರು. ಅದರ ಕೆಳಗೆ ಚಪ್ಪಾಳೆಗಳು. ಅದೇ ಹೊತ್ತಿಗೆ ಅಲ್ಲಿನ ಗೋಡೆಯ ಬೋರ್ಡಿನಲ್ಲಿ ಖಾಲಿ ಜಾಗಗಳ ಸಂಖ್ಯೆ ಒಮ್ಮೆಲೇ ಜಿಗಿದು ಮೇಲೇರಿತು. ಅದು ಯಾಕೆ ಏರಿತೆಂದು ಆ ನೆಲಮಾಳಿಗೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಏನಾತಕ್ಕಾ?"

"ಏನಿಲ್ಲ. ಆಫೀಸಿಂದು." ಆಮೇಲೆ ತಡೆಯಲಾಗದೆ, "ಆಯ್ತು ಕಣೇ. ಹೋಯ್ತು," ಎಂದೆ.

ಅವಳು ಬಗ್ಗಿದ್ದವಳು ನಿಧಾನಕ್ಕೆ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಬಗ್ಗಿ ಮುಂದಿನ ಸೈಕಲ್ಲು ನೋಡತೊಡಗಿದಳು.

ಅವಳ ವಿಮಾನ ಶುಕ್ರವಾರಕ್ಕಿತ್ತು. ಬುಧವಾರ ನಾನು ರಜೆ ಹಾಕಿದೆ. ಲಾರಿ ಎತ್ತಿಕೊಂಡು ಹೋದ ಸೈಕಲ್ಲುಗಳನ್ನು ಊರಾಚೆ ಬಂದರಿನ ಕಡೆ ಒಂದು ಬಯಲಿನಲ್ಲಿ ನಿಲ್ಲಿಸುತ್ತಾರೆ ಎಂದು ತಿಳಿದುಕೊಂಡು ಅಲ್ಲಿಗೆ ಹೋದೆವು. ಗಾಳಿ ಎಂದರೆ ಗಾಳಿ, ಮಾತಾಡಿದರೆ ಬಾಯೊಳಗೆ ನುಗ್ಗುತ್ತಿತ್ತು. ತಂತಿಬೇಲಿಯ ಒಳಗೆ ಸೈಕಲ್ಲುಗಳು, ಕಣ್ಣು ಹಾಯುವವರೆಗೆ. ಅಲ್ಲಿದ್ದ ದಪ್ಪ ಮೀಸೆಯವನು ಸೋಮವಾರ ಬಂದ ಸೈಕಲ್ಲುಗಳನ್ನು ತೋರಿಸಿ, ಹುಡುಕಿಕೊಳ್ಳಿ ಎಂದು ಬಿಟ್ಟ.

ನಾನು ನಂಬಿರಲಿಲ್ಲ, ದೇವರಾಣೆ. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳು ಕೂಗಿದಳು. ಹೆಸರಿಲ್ಲ, ಮಾತಿಲ್ಲ, ಬರೀ ಕೂಗು. ಓಡಿದೆ. ಕಪ್ಪು ಸೈಕಲ್ಲು, ಹ್ಯಾಂಡಲ್ಲಿನ ಕೆಳಗೆ ಮಾಸಿದ ಕುಂಕುಮ, ಬೆಲ್ಲಿನ ಸಂದಿಯಲ್ಲಿ ಚೆಂಡುಹೂವಿನ ಒಂದು ಒಣ ದಳ. ಅವಳು ಸೀಟಿನ ಮೇಲೆ ಕೆನ್ನೆ ಇಟ್ಟು ನಿಂತುಬಿಟ್ಟಳು. ಮೀಸೆಯವನು ಬಂದು ತನ್ನ ಕೈಯಂತ್ರವನ್ನು ಚಿಪ್ಪಿಗೂ ನೀಲಿ ಕಾರ್ಡಿಗೂ ಹಿಡಿದ. ಒಂದೇ ನಂಬರು. ಅವನೂ ಖುಷಿಯಾಗಿ ನಕ್ಕ. ಕಾರ್ಡು ಅವಳ ಗಂಡನದೇ ಆಗಿತ್ತು ಎನ್ನುವುದು ಹೀಗೆ ಸಾಬೀತಾಯಿತು.

"ಕೇಳ್ರಿ ಅವನ್ನ," ಎಂದಳು ಅವಳು, ಉಸಿರು ಸಿಗದೆ. "ಎಲ್ಲಿಂದ ತಂದ್ರು ಅಂತ ಕೇಳ್ರಿ."

ಕೇಳಿದೆ. ಅವನು ಹಿಂದಿನ ಚಕ್ರಕ್ಕೆ ಕಟ್ಟಿದ ಚೀಟಿ ತಿರುಗಿಸಿ ತೋರಿಸಿದ. ಬಂದ ದಿನ ಸೋಮವಾರ. ಅದರ ಕೆಳಗೆ, ಎಲ್ಲಿಂದ ಎಂಬ ಜಾಗದಲ್ಲಿ, ಡಚ್ಚಿನಲ್ಲಿ ‘ಗೊತ್ತಿಲ್ಲ’ ಎಂದು ಅಚ್ಚಾಗಿತ್ತು. ಆ ಜಾಗವನ್ನು ಸಿಸ್ಟಮ್ಮೇ ತುಂಬುತ್ತದೆ ಎಂದು ವಿವರಿಸಿದ. ಈ ಸಲ ಬಂದವಕ್ಕೆಲ್ಲ ಹೀಗೇ ಆಗಿದೆ, ಯಾಕೋ ಏನೋ, ಲಾರಿ ಒಂದೇ ಸುತ್ತಿನಲ್ಲಿ ಎಷ್ಟೋ ಊರು ತಿರುಗಿ ಬರುತ್ತದೆ, ಯಾವ ಸೈಕಲ್ಲು ಎಲ್ಲಿ ಹತ್ತಿತೆಂದು ಯಾರು ನೆನಪಿಡುತ್ತಾರೆ ಎಂದ. ಯಾಕೆ ಹೀಗಾಗಿದೆ ಎಂದು ನಾನು ಅವನಿಗೆ ಹೇಳಬಹುದಿತ್ತು, ಆ ಜಾಗ ತುಂಬಬೇಕಾದ ಸಾಲುಗಳನ್ನು ಶನಿವಾರ ನಾವೇ ಬಿಸಾಡಿದ್ದೆವಲ್ಲ.

ಅವನು ಆ ಕಡೆ ಹೋದ. ಅವಳು ನನ್ನ ಮುಖ ನೋಡುತ್ತ ನಿಂತಳು. ಅವಳಿಗೂ ಅಷ್ಟು ಡಚ್ ಬರುತ್ತಿತ್ತು, ಅನುವಾದ ಬೇಕಿರಲಿಲ್ಲ. ಆ ಮುಖವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ನಾನು ಒಳ್ಳೆಯ ಸುಳ್ಳುಗಾತಿಯಲ್ಲ, ಆದರೂ ಬಾಯಿ ತೆರೆದೆ.

"ನಿಂಗೆ ಹೇಳ್ಬಾರ್ದು ಅಂತಿದ್ದೆ. ಆಫೀಸಿನ ಸಮಾಚಾರ," ಎಂದೆ. "ನಾನು ನೋಡ್ದೆ. ಆ ಸಾಲು ನೋಡ್ದೆ. ದೊಡ್ಡಾಸ್ಪತ್ರೆ ಪಕ್ಕದ ಸ್ಟ್ಯಾಂಡು. ಆಸ್ಪತ್ರೆಗೇ ಹೋಗಿದ್ದ ಅವ್ನು. ಮೊದ್ಲೇ ಹುಷಾರಿರ್ಲಿಲ್ಲ ಅವ್ನಿಗೆ. ನಿನ್ ಮಾತಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಅವಳ ಮುಖ ಅರಳಿತು. ನಿಜವಾಗಿಯೂ ಅರಳಿತು, ನಾನು ನೋಡಿದೆ. ಒಂದು ಉಸಿರಿನಷ್ಟು ಹೊತ್ತು.

"ಅಕ್ಕಾ," ಎಂದಳು ಆಮೇಲೆ. "ಓದೋ ಹಕ್ಕಿಲ್ಲಂತ ನೀವಽ ಹೇಳಿದ್ರಿ. ನಿಮ್ಮ ಕೈಯಾಗಿನ ಚಾವಿ ಸೈತ ಕಸಗೊಂಡಾರಂತ ನೀವಽ ಬಂದು ಅತ್ತಿದ್ರಿ."

"ಅದಕ್ಕೆ ಮುಂಚೆ ನೋಡಿದ್ದೆ ಕಣೇ."

"ಹಂಗಾರ ಶನಿವಾರ ನನ್ನ ಕೂಡ ಯಾಕ ಹುಡುಕಿದ್ರಿ?"

ಅವಳು ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಟ್ಟಳು, ದೊಡ್ಡವರು ಚಿಕ್ಕವರ ಕೈ ಒತ್ತುವ ಹಾಗೆ. ಆಮೇಲೆ ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಎತ್ತಿ ಅದನ್ನು ತಳ್ಳತೊಡಗಿದಳು. ಅವಳಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಗೇಟಿನ ಹತ್ತಿರ ಅಲ್ಲಿನ ಗೋಡೆಗೆ ಅದನ್ನು ಒರಗಿಸಿ, ಮೀಸೆಯವನಿಗೆ, ಯಾರಿಗಾದರೂ ಕೊಟ್ಟುಬಿಡು ಎಂದು ಡಚ್ಚಿನಲ್ಲಿ ಹೇಳಿದಳು.

"ಬೇಡ್ವೇನೇ?" ಎಂದೆ.

"ಇದಕ್ಕ ಗೊತ್ತೈತಿ, ಹೇಳಂಗಿಲ್ಲ. ತಗೊಂಡು ಏನ್ ಮಾಡ್ಲಿ?" ಎಂದಳು. ಸ್ವಲ್ಪ ದೂರ ನಡೆದ ಮೇಲೆ, ಗಾಳಿಗೆ ಸೆರಗು ಬಿಗಿ ಹಿಡಿದು, ಅಡುಗೆಯ ಮಾತಾಡುವಷ್ಟು ಸಹಜವಾಗಿ ಹೇಳಿದಳು: "ನಾ ಕೇಳಿದ್ದಕ್ಕಽ ಅವ್ರು ಹೋದ್ರು ಅಂತ ಇಟ್ಕೋತೀನಿ ಬಿಡ್ರಿ ಅಕ್ಕಾ. ಏನಾರ ಒಂದು ಬೇಕಲ್ಲ. ಏನೂ ಗೊತ್ತಿಲ್ಲ ಅಂತ ಎಷ್ಟ್ ವರ್ಷ ಇರ್ಲಿ ನಾನು?"

ಬೈಯಬೇಕೆಂದು ಬಾಯಿ ತೆರೆದೆ. ಗಾಳಿ ಒಳಗೆ ನುಗ್ಗಿತು, ಮುಚ್ಚಿಕೊಂಡು ಅವಳ ಪಕ್ಕದಲ್ಲಿ ನಡೆದೆ.